ಕಾಫಿ ತೋಟದ ಸಿಲ್ವರ್ ಓಕ್ ಮರವನ್ನು ಚೈನ್‌ಸಾದಿಂದ ಉರುಳಿಸುವ ಕ್ರಮ

ಕಾಫಿ ಕೊಯ್ಲು ಮುಗಿದು, ಮೊಗ್ಗು ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಹೊತ್ತಿಗೆ, ಅಂದರೆ ಫೆಬ್ರುವರಿಯ ಆಸುಪಾಸಿನಲ್ಲಿ, ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ಓದುಗರು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ. ತೋಟದಲ್ಲಿ ನಾಲ್ಕಾರು ಸಿಲ್ವರ್ ಓಕ್ ತೆಗೆಯಬೇಕಾಗಿದೆ, ಆಳು ಸಿಗುತ್ತಿಲ್ಲ, ಮನೆಯಲ್ಲಿ ಚೈನ್‌ಸಾ ಇದೆ, ನಾವೇ ಕಡಿಯಬಹುದೇ? ಕಡಿಯಬಹುದು, ಆದರೆ ಎಲ್ಲ ಮರವನ್ನೂ ಅಲ್ಲ. ಎದೆ ಎತ್ತರದಲ್ಲಿ ಸುಮಾರು ನಾಲ್ಕು ಅಡಿ ಸುತ್ತಳತೆಯವರೆಗಿನ, ನೆಟ್ಟಗೆ ನಿಂತ, ಜೀವಂತ ಮರವನ್ನು ಬಯಲಾದ ಜಾಗಕ್ಕೆ ಉರುಳಿಸುವ ಕೆಲಸವನ್ನು ಮಾತ್ರ ಈ ಲೇಖನ ವಿವರಿಸುತ್ತದೆ. ಒಣಗಿ ನಿಂತ ಮರ, ಬುಡ ಪೊಳ್ಳಾದ ಮರ, ಮನೆಯ ಅಥವಾ ವಿದ್ಯುತ್ ತಂತಿಯ ಕಡೆಗೆ ವಾಲಿದ ಮರ, ಗಾಳಿಗೆ ಅರ್ಧ ಕಿತ್ತು ಬಂದ ಮರ, ಇವು ನಾಲ್ಕನ್ನೂ ಅನುಭವಸ್ಥರಿಗೇ ಬಿಡಬೇಕು. ಕೂಲಿಯ ದುಡ್ಡು ಉಳಿಸುವ ಆಸೆಯಿಂದ ಇವುಗಳಿಗೆ ಕೈ ಹಾಕುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

1. ಯಾವ ಮರ, ಎಷ್ಟು ಮರ, ಯಾವಾಗ

ಸಿಲ್ವರ್ ಓಕ್ ನಮ್ಮ ನೆಲದ ಮರವಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ತೋಟಗಾರರ ಜೊತೆ ಬಂದದ್ದು. ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕೊನೆಗೆ ಮರದ ವ್ಯಾಪಾರಿಗೂ ಬೇಕಾಗುತ್ತದೆ. ಹೀಗಾಗಿ ತೋಟದಲ್ಲಿ ಹಣದ ಅಗತ್ಯ ಬಂದಾಗಲೆಲ್ಲ ಕೊಡಲಿ ಬೀಳುವುದು ಇದರ ಮೇಲೆಯೇ. ಆದರೆ ಅರೇಬಿಕಾ ಕಾಫಿಯ ತೋಟದಲ್ಲಿ ಒಂದೇ ವರ್ಷ ಒಂದೇ ಕಡೆ ಹತ್ತಾರು ಮರ ತೆಗೆದರೆ ನೆರಳು ಹಠಾತ್ತನೆ ಬಯಲಾಗಿ, ಬಿಳಿ ಕಾಂಡಕೊರಕ ಹುಳುವಿಗೆ ಹಾದಿ ಮಾಡಿಕೊಟ್ಟಂತಾಗುತ್ತದೆ. ಈ ಹುಳು ಬೆಳೆದು ದುಂಬಿಯಾಗಿ ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರಾಡುತ್ತದೆ. ಬಿಸಿಲು ನೇರವಾಗಿ ಬೀಳುವ ಕಾಫಿ ಕಾಂಡವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ರೊಬಸ್ಟಾ ಕಾಫಿಗೆ ಈ ಹುಳು ಅಷ್ಟಾಗಿ ಹತ್ತುವುದಿಲ್ಲ, ಆದ್ದರಿಂದ ಅಲ್ಲಿ ಈ ಭಯ ಕಡಿಮೆ.

ಬಿಸಿಲಿರುವ ಒಂದು ದಿನ ನಡುಮಧ್ಯಾಹ್ನ ತೋಟದೊಳಗೆ ನಡೆದು, ಎಲ್ಲಿ ನೆಲಕ್ಕೆ ಬಿಸಿಲಿನ ಚುಕ್ಕೆಯೇ ಬೀಳುತ್ತಿಲ್ಲವೋ ಅಲ್ಲಿನ ಮರಗಳಿಗೆ ಬಣ್ಣದ ಗುರುತು ಹಾಕಿಕೊಳ್ಳಿ. ಗುರುತು ಹಾಕಿದ ಮರದ ಪಕ್ಕದಲ್ಲಿ ಹಾಲುವಾಣವೋ, ಅತ್ತಿ ಬಸರಿಗಳಂತಹ ಕಾಡುಮರವೋ ಇದ್ದು ಆ ಜಾಗದ ನೆರಳನ್ನು ತುಂಬುವಂತಿದ್ದರೆ ಮಾತ್ರ ಆ ಮರವನ್ನು ಈ ವರ್ಷದ ಪಟ್ಟಿಗೆ ಸೇರಿಸಿ.

ಕಾಫಿ ಮತ್ತು ಮೆಣಸು ಎರಡರ ಕೊಯ್ಲೂ ಮುಗಿದ ಮೇಲೆ, ಹೂಮಳೆ ಬಿದ್ದು ಮೊಗ್ಗು ಒಡೆಯುವ ಮೊದಲು ಸಿಗುವ ಕೆಲವೇ ವಾರಗಳು ಈ ಕೆಲಸಕ್ಕೆ ಸೂಕ್ತ. ಮರದಲ್ಲಿ ಮೆಣಸಿನ ಬಳ್ಳಿಯಿದ್ದರೆ ಅದನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಸಾಧ್ಯವಿಲ್ಲ. ಬುಡದಲ್ಲಿ ನೆಲಕ್ಕೆ ಹರಡಿದ ಹಂಬುಗಳನ್ನು ಕತ್ತರಿಸಿ ಬೇರು ಬರಿಸಲು ಇದೇ ಸಕಾಲವಾದ್ದರಿಂದ, ಒಳ್ಳೆಯ ಇಳುವರಿಯ ಬಳ್ಳಿಯಾಗಿದ್ದರೆ ಮರ ಕಡಿಯುವ ಮೊದಲೇ ಹಂಬುಗಳನ್ನು ತೆಗೆದಿಟ್ಟುಕೊಳ್ಳಿ.

2. ಅನುಮತಿಯ ವಿಚಾರ

ಖಾಸಗಿ ಜಮೀನಿನ ಮರವನ್ನೂ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿಯಲ್ಲಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಈ ಅಧಿಕಾರಿ ಅರಣ್ಯ ಇಲಾಖೆಯವರೇ ಆಗಿರುತ್ತಾರೆ. ಅದೇ ಕಾಯ್ದೆಯ 8ನೇ ಕಲಮು ಕೆಲವು ಜಾತಿಗಳಿಗೆ ವಿನಾಯಿತಿ ಕೊಟ್ಟಿದೆ. ನೀಲಗಿರಿ, ಗಾಳಿಮರ, ತೆಂಗು, ರಬ್ಬರ್, ಹಾಲುವಾಣಗಳ ಜೊತೆಗೆ ಸಿಲ್ವರ್ ಓಕ್ ಹೆಸರೂ ಆ ಪಟ್ಟಿಯಲ್ಲಿದೆ. ಇಷ್ಟನ್ನೇ ಕೇಳಿಕೊಂಡು ಮಿಷನ್ ಎತ್ತಿಕೊಳ್ಳುವವರು ಎರಡು ಕಡೆ ಎಡವುತ್ತಾರೆ.

ಮೊದಲನೆಯದು ಜಮೀನಿನ ಸ್ವರೂಪ. ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಮರದ ಹಕ್ಕು ಸರ್ಕಾರದ ಬಳಿಯೇ ಉಳಿದಿರುವ ಜಮೀನುಗಳಿವೆ. ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಕೊಡಗಿನ ಬಾಣೆಗಳು (ಗದ್ದೆಗೆ ಹೊಂದಿಕೊಂಡ ಕಾಡುಜಮೀನು) ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಎರಡನೆಯದು ಸಾಗಣೆ. ಕಡಿಯುವುದು ಬೇರೆ, ಲಾರಿಗೆ ಹಾಕಿ ರಸ್ತೆಗೆ ತರುವುದು ಬೇರೆ. ಇದರ ಆದೇಶಗಳು ಕಾಲಕಾಲಕ್ಕೆ ಬದಲಾಗುತ್ತವೆ, ಮಳೆಗಾಲದ ಅನಾಹುತಗಳ ನಂತರ ಜಿಲ್ಲಾ ಮಟ್ಟದಲ್ಲಿ ತಾತ್ಕಾಲಿಕ ನಿರ್ಬಂಧಗಳೂ ಬರುವುದುಂಟು. ಆದ್ದರಿಂದ ಪಹಣಿಯ ಪ್ರತಿ ಮತ್ತು ಮರಗಳ ಎಣಿಕೆಯೊಂದಿಗೆ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಮ್ಮೆ ಹೋಗಿ, ಈಗ ಜಾರಿಯಲ್ಲಿರುವ ನಿಯಮವನ್ನು ಕೇಳಿ ತಿಳಿದುಕೊಂಡೇ ಕೆಲಸ ಆರಂಭಿಸಿ. ಸಿಲ್ವರ್ ಓಕ್ ಬೀಳುವಾಗ ಪಕ್ಕದ ಬೀಟೆಯನ್ನೋ ಹೊನ್ನೆಯನ್ನೋ ಮುರಿದುಕೊಂಡು ಬಿದ್ದರೆ ಆ ಮರಗಳಿಗೆ ವಿನಾಯಿತಿ ಇಲ್ಲ ಎಂಬುದೂ ನೆನಪಿರಲಿ.

3. ಮಿಷನ್ ಮತ್ತು ಮೈಮೇಲಿನ ರಕ್ಷಣೆ

ನಾಲ್ಕು ಅಡಿ ಸುತ್ತಳತೆಯ ಮರದ ಅಡ್ಡಳತೆ ಸುಮಾರು 38 ಸೆಂಟಿಮೀಟರ್. ಇದಕ್ಕೆ 45ರಿಂದ 55 ಸಿಸಿಯ ಎಂಜಿನ್ ಮತ್ತು 18 ಇಂಚಿನ ಬಾರ್ ಸಾಕು. ಬಾರ್ ಎಂದರೆ ಚೈನ್ ಓಡುವ ಉದ್ದನೆಯ ಲೋಹದ ಪಟ್ಟಿ. ಅದಕ್ಕಿಂತ ಉದ್ದದ ಬಾರ್ ಕೊಳ್ಳುವ ಮೋಹ ಬೇಡ, ಅದರ ತುದಿ ಕಾಫಿ ಗಿಡಗಳ ನಡುವೆ ಎಲ್ಲಿಗೆ ತಾಗುತ್ತಿದೆ ಎಂಬುದು ನಿಮಗೆ ಕಾಣಿಸುವುದಿಲ್ಲ. ಹೊಸ ಮಿಷನ್ ಕೊಳ್ಳುವಾಗ ಎಷ್ಟು ಸಿಸಿ ಎಂದು ಕೇಳುವುದಕ್ಕಿಂತ ಮೊದಲು ಮುಂದಿನ ಹಿಡಿಕೆಯ ಎದುರಿರುವ ಚೈನ್ ಬ್ರೇಕನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಎಂಜಿನ್ ಜೋರಾಗಿ ಓಡುತ್ತಿರುವಾಗ ಆ ರಕ್ಷಾಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ ನಿಧಾನ ಓಟದಲ್ಲಿರುವಾಗ, ಚೈನ್ ತಿರುಗುತ್ತಲೇ ಇದ್ದರೆ ಆ ಮಿಷನ್ ಕೆಲಸಕ್ಕೆ ಯೋಗ್ಯವಲ್ಲ. ಮೆಕ್ಯಾನಿಕ್ ಸರಿಪಡಿಸುವವರೆಗೆ ಅದನ್ನು ಮುಟ್ಟಬಾರದು.

ಎರಡು ಎಣ್ಣೆಗಳನ್ನು ಗೊಂದಲ ಮಾಡಿಕೊಳ್ಳುವವರು ಇಂದಿಗೂ ಇದ್ದಾರೆ. ಪೆಟ್ರೋಲಿಗೆ ಬೆರೆಸುವುದು 2ಟಿ ಎಣ್ಣೆ: ಮಿಷನ್ ಕಂಪನಿಯವರ ಎಣ್ಣೆಯಾದರೆ ಸಾಮಾನ್ಯವಾಗಿ ಲೀಟರಿಗೆ 20 ಮಿಲಿಲೀಟರ್, ಸಾಧಾರಣ 2ಟಿ ಎಣ್ಣೆಯಾದರೆ 40. ನಿಮ್ಮ ಮಿಷನ್ನಿನ ಕೈಪಿಡಿ ಬೇರೆ ಪ್ರಮಾಣ ಹೇಳಿದ್ದರೆ ಅದೇ ಅಂತಿಮ. ಚೈನಿಗೆ ಹೋಗುವ ಎಣ್ಣೆಗೆ ಬೇರೆ ಟ್ಯಾಂಕ್ ಇದೆ. ಪೆಟ್ರೋಲ್ ತುಂಬಿದಾಗಲೆಲ್ಲ ಅದನ್ನೂ ತುಂಬಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅದು ನಮ್ಮ ಮಲೆನಾಡಿನ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೋದ ವರ್ಷ ಬೆರೆಸಿಟ್ಟ ಪೆಟ್ರೋಲನ್ನು ಈ ವರ್ಷ ಹಾಕಿ, ಮಿಷನ್ ಸ್ಟಾರ್ಟ್ ಆಗುತ್ತಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಒಂದು ತಿಂಗಳಿಗೆ ಬೇಕಾದಷ್ಟನ್ನೇ ಬೆರೆಸಿ, ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ.

ಚೈನ್ ಹರಿತವಾಗಿದೆಯೇ ಎಂಬುದನ್ನು ಕೊಯ್ದಾಗ ಉದುರುವ ಹೊಟ್ಟೇ ಹೇಳುತ್ತದೆ. ದಪ್ಪ ಚಕ್ಕೆಗಳು ಉದುರಿದರೆ ಹರಿತವಿದೆ. ಹಿಟ್ಟಿನಂತಹ ಹುಡಿ ಉದುರಿ, ನೀವು ಮಿಷನ್ನನ್ನು ಒತ್ತಬೇಕಾಗಿ ಬಂದರೆ ಮೊಂಡಾಗಿದೆ. ಮೊಂಡು ಚೈನೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಒತ್ತುವ ಕೈ ಜಾರುತ್ತದೆ. ಹರಿತ ಮಾಡಲು ದುಂಡನೆಯ ಅರ ಬೇಕು, ಅದರ ಅಳತೆ ಚೈನಿನ ಪಿಚ್ಚಿಗೆ ಹೊಂದಬೇಕು. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳ ಒಟ್ಟು ದೂರದ ಅರ್ಧವನ್ನು ಪಿಚ್ ಎನ್ನುತ್ತಾರೆ. ಪಿಚ್ 0.325 ಇಂಚು ಇದ್ದರೆ 4.8 ಮಿಲಿಮೀಟರ್ ಅರ, 3/8 ಇಂಚಾದರೆ 5.2, ಚಿಕ್ಕ ಮಿಷನ್‌ಗಳ 3/8 ಲೋ ಪ್ರೊಫೈಲ್ ಚೈನಿಗೆ 4. ಹಲ್ಲಿನ ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಮುಂದಕ್ಕೆ ಮಾತ್ರ ಉಜ್ಜಬೇಕು. ಪ್ರತಿ ಹಲ್ಲಿಗೂ ಅಷ್ಟೇ ಸಲ ಉಜ್ಜದಿದ್ದರೆ ಕೊಯ್ತ ಒಂದು ಪಕ್ಕಕ್ಕೆ ಎಳೆಯುತ್ತದೆ. ಚೈನಿನ ಬಿಗಿ ಎಷ್ಟಿರಬೇಕೆಂದರೆ, ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸುಲಭವಾಗಿ ಸರಿಯಬೇಕು, ಆದರೆ ಬಾರಿನ ಕೆಳಬದಿಯಲ್ಲಿ ಜೋತಾಡಬಾರದು. ಕೆಲಸದ ನಡುವೆ ಬಿಸಿಯಾದ ಚೈನನ್ನು ಬಿಗಿ ಮಾಡಿದ್ದರೆ, ದಿನದ ಕೊನೆಗೆ ಸಡಿಲಿಸಿಡಿ. ಆರಿದ ಮೇಲೆ ಅದು ಕುಗ್ಗಿ ಬಾರನ್ನೂ ಬೇರಿಂಗನ್ನೂ ಹಾಳುಮಾಡುತ್ತದೆ.

ಮೈಮೇಲೆ ಇರಬೇಕಾದವು: ಜಾಲರಿಯ ಮುಖರಕ್ಷೆಯಿರುವ ಹೆಲ್ಮೆಟ್, ಕಿವಿಮುಚ್ಚುಗೆ, ಗ್ಲೌಸ್, ಉಕ್ಕಿನ ತುದಿಯ ಬೂಟು ಮತ್ತು ಚೈನ್ ತಾಗಿದರೆ ನಾರುಗಳು ಬಿಚ್ಚಿಕೊಂಡು ಚೈನನ್ನೇ ಸಿಕ್ಕಿಸಿ ನಿಲ್ಲಿಸುವ ವಿಶೇಷ ಪ್ಯಾಂಟು. ಕೊನೆಯದು ದುಬಾರಿ, ಆದರೂ ಕೊಳ್ಳಿ. ಲುಂಗಿ, ಹವಾಯಿ ಚಪ್ಪಲಿಗಳಲ್ಲಿ ಚೈನ್‌ಸಾ ಹಿಡಿಯುವ ದೃಶ್ಯ ನಮ್ಮ ಕಡೆ ಅಪರೂಪವಲ್ಲ ಎಂಬ ಕಾರಣಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಿಲ್ವರ್ ಓಕ್‌ನ ಹೂ ಮತ್ತು ಮರದ ಹುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ತುರಿಕೆ, ದದ್ದು ಏಳುತ್ತವೆ. ತುಂಬುತೋಳಿನ ಅಂಗಿ ಹಾಕಿ, ಕೆಲಸ ಮುಗಿದೊಡನೆ ಕೈ ಮುಖ ತೊಳೆಯಿರಿ.

4. ಮರದ ಸುತ್ತ ನಡೆದು ನೋಡುವುದು

ಮಿಷನ್ ಸ್ಟಾರ್ಟ್ ಮಾಡುವ ಮೊದಲಿನ ಈ ಕಾಲು ಗಂಟೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮರದಿಂದ ದೂರ ಹೋಗಿ ಎರಡು ಬೇರೆ ಬೇರೆ ದಿಕ್ಕುಗಳಿಂದ ನಿಂತು, ಕಾಂಡ ಯಾವ ಕಡೆ ವಾಲಿದೆ, ಕೊಂಬೆಗಳ ಭಾರ ಯಾವ ಕಡೆ ಹೆಚ್ಚಿದೆ ಎಂದು ನೋಡಿ. ದಾರಕ್ಕೆ ಕಲ್ಲು ಕಟ್ಟಿ ಕಣ್ಣೆದುರು ಹಿಡಿದರೆ ವಾಲು ಸ್ಪಷ್ಟವಾಗುತ್ತದೆ. ತುದಿಯಲ್ಲಿ ಮುರಿದು ನೇತಾಡುವ ಒಣಕೊಂಬೆ ಇದೆಯೇ, ಹೆಜ್ಜೇನಿನ ಗೂಡು ಇದೆಯೇ ಎಂದು ನೋಡಲು ಮರೆಯಬೇಡಿ. ಆ ಮರದಲ್ಲಿ ಅಥವಾ ಪಕ್ಕದ ಮರದಲ್ಲಿ ಹೆಜ್ಜೇನಿದ್ದರೆ ಕೆಲಸವನ್ನು ಮುಂದೂಡುವುದೊಂದೇ ದಾರಿ. ಬುಡಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದು ಸದ್ದು ಕೇಳಿ. ಡೋಲಿನಂತೆ ಪೊಳ್ಳು ಸದ್ದು ಬಂದರೆ ಆ ಮರ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಬೇಲಿ ಬದಿಯ ಮರವಾದರೆ ತೊಗಟೆಯೊಳಗೆ ಹೂತುಹೋದ ಮೊಳೆ, ಮುಳ್ಳುತಂತಿಗಳಿಗಾಗಿ ಹುಡುಕಿ, ಬುಡದ ತೊಗಟೆಗೆ ಮೆತ್ತಿದ ಮಣ್ಣನ್ನು ಕತ್ತಿಯಿಂದ ಕೆರೆದು ತೆಗೆಯಿರಿ.

ಮರದ ಎತ್ತರ ತಿಳಿಯಲು ಒಂದು ಕೋಲು ಸಾಕು. ಚಾಚಿದ ಕೈಯಲ್ಲಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯಿಂದ ಮೇಲಿರುವ ಕೋಲಿನ ಉದ್ದ, ಮುಷ್ಟಿಯಿಂದ ನಿಮ್ಮ ಕಣ್ಣಿಗಿರುವ ದೂರದಷ್ಟೇ ಇರಬೇಕು. ಮುಷ್ಟಿಯ ನೇರಕ್ಕೆ ಮರದ ಬುಡ, ಕೋಲಿನ ತುದಿಯ ನೇರಕ್ಕೆ ಮರದ ತುದಿ ಕಾಣುವವರೆಗೆ ಹಿಂದೆ ಹಿಂದೆ ಸರಿಯಿರಿ. ಸಮತಟ್ಟಾದ ನೆಲವಾದರೆ ನೀವು ನಿಂತ ಜಾಗಕ್ಕೂ ಮರಕ್ಕೂ ಇರುವ ದೂರವೇ ಹೆಚ್ಚುಕಡಿಮೆ ಮರದ ಎತ್ತರ. ಮರ ನಿಮ್ಮತ್ತ ಬಿದ್ದರೆ ತುದಿ ಅಲ್ಲಿಗೆ ಬರುತ್ತದೆ. ಇಳಿಜಾರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಆ ಎತ್ತರದ ಎರಡರಷ್ಟು ದೂರದ ವೃತ್ತದೊಳಗೆ ಕೊಯ್ಯುವವರನ್ನು ಬಿಟ್ಟು ಬೇರೆ ಯಾರೂ ಇರಬಾರದು, ನಾಯಿಯೂ ಇರಬಾರದು.

ಅದೇ ವೃತ್ತದೊಳಗೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಲಿ. ನಿಮ್ಮ ಊರಿನ ಲೈನ್‌ಮನ್ ಅಥವಾ ಮೆಸ್ಕಾಂ, ಸೆಸ್ಕ್ ಶಾಖಾ ಕಚೇರಿಗೆ ತಿಳಿಸಿ, ಅವರು ಲೈನ್ ಆಫ್ ಮಾಡಿದ ಮೇಲೆ ಅವರ ಎದುರಿನಲ್ಲೇ ಅನುಭವಸ್ಥರಿಂದ ಕಡಿಸಬೇಕು, ಸಹಾಯವಾಣಿ 1912. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಪ್ರಾಣ ಹೋದ ಸುದ್ದಿಯನ್ನು ನಾವು ವರ್ಷ ವರ್ಷವೂ ಓದುತ್ತೇವೆ. ಹಸಿ ಮರವೂ ವಿದ್ಯುತ್ತನ್ನು ಹಾಗೆಯೇ ಹರಿಸುತ್ತದೆ.

ಬೀಳಬೇಕಾದ ದಿಕ್ಕನ್ನು ಆರಿಸುವಾಗ ಕಾಫಿ ಸಾಲುಗಳ ನಡುವಿನ ಖಾಲಿ, ತೋಟದ ರಸ್ತೆ, ಕಣದ ಬದಿ ಇವನ್ನು ಹುಡುಕಿ, ಆದರೆ ಮರದ ಸಹಜ ವಾಲಿಗೆ ತೀರಾ ವಿರುದ್ಧವಾದ ದಿಕ್ಕನ್ನು ಆರಿಸಬೇಡಿ. ಇಳಿಜಾರಿನಲ್ಲಿ ನೇರ ಕೆಳಕ್ಕೆ ಬೀಳಿಸಿದರೆ ಕಾಂಡ ಸೀಳುತ್ತದೆ, ಜಾರಿಯೂ ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬೀಳಿಸುವುದು ಮೇಲು. ಕಾಫಿ ಗಿಡ ಹೆಚ್ಚು ನಲುಗಬಾರದೆಂದಿದ್ದರೆ, ಮರ ಹತ್ತುವ ಕಸುಬಿನವರಿಂದ ಮೊದಲೇ ರೆಂಬೆಗಳನ್ನು ಸವರಿಸಿಕೊಳ್ಳಿ. ನಮ್ಮ ಮರಗಸಿಯವರು ಕತ್ತಿ ಹಿಡಿದು ಮಾಡುವ ಈ ಕೆಲಸವನ್ನು ನೀವು ಏಣಿಯ ಮೇಲೆ ಚೈನ್‌ಸಾ ಹಿಡಿದು ಮಾಡಲು ಹೋಗಲೇಬಾರದು. ಭುಜದ ಎತ್ತರಕ್ಕಿಂತ ಮೇಲೆ ಈ ಮಿಷನ್ ಏರಬಾರದೆಂಬುದಕ್ಕೆ ವಿನಾಯಿತಿ ಇಲ್ಲ.

ಕೊನೆಯದಾಗಿ, ಓಡುವ ದಾರಿ. ಬೀಳುವ ದಿಕ್ಕಿಗೆ ಮುಖಮಾಡಿ ನಿಂತರೆ ನೇರ ಹಿಂದಕ್ಕೆ ಅಲ್ಲ, ಎಡಕ್ಕೋ ಬಲಕ್ಕೋ 45 ಡಿಗ್ರಿ ಓರೆಯಾಗಿ ಹಿಂದಕ್ಕೆ ಹೋಗುವ ಎರಡು ದಾರಿಗಳನ್ನು ಬಳ್ಳಿ, ದರಗು, ಕಲ್ಲುಗಳಿಲ್ಲದಂತೆ ಐದಾರು ಮೀಟರ್ ಬಿಡಿಸಿಟ್ಟುಕೊಳ್ಳಿ. ನೇರ ಹಿಂದಕ್ಕೆ ಏಕೆ ಬೇಡವೆಂದರೆ, ಬೀಳುವ ಮರದ ಬುಡ ಹಾರಿ ಬರುವುದು ಆ ಕಡೆಗೇ. ಇನ್ನೊಬ್ಬರು ಕೂಗಳತೆಯಲ್ಲಿರಬೇಕು, ಜೀಪು ರಸ್ತೆಯ ಕಡೆ ಮುಖಮಾಡಿ ನಿಂತಿರಬೇಕು, ಮತ್ತು 108ಕ್ಕೆ ಕರೆ ಮಾಡಲು ತೋಟದ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಬೇಕು.

5. ಮೂರು ಕೊಯ್ತಗಳು

ಎರಡು ಮಾತುಗಳನ್ನು ಮೊದಲೇ ಬಿಡಿಸಿಕೊಳ್ಳೋಣ. ಮರ ಬೀಳಬೇಕಾದ ಬದಿಯಲ್ಲಿ ತೆಗೆಯುವ ಬಾಯಿಯಂತಹ ಗುರುತನ್ನು ಇಲ್ಲಿ ಕಚ್ಚು ಎನ್ನುತ್ತೇನೆ. ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಉಳಿಸುವ ಮರದ ಪಟ್ಟಿಯನ್ನು ಕೀಲು ಎನ್ನುತ್ತೇನೆ. ಬಾಗಿಲಿಗೆ ಕೀಲು ಮಾಡುವ ಕೆಲಸವನ್ನೇ ಇದು ಮಾಡುತ್ತದೆ: ಮರವನ್ನು ಹಿಡಿದುಕೊಂಡೇ, ಒಂದೇ ದಿಕ್ಕಿಗೆ ಬಾಗಲು ಬಿಡುತ್ತದೆ. ಮರ ಕಡಿಯುವಾಗ ಆಗುವ ಅನಾಹುತಗಳಲ್ಲಿ ಬಹಳಷ್ಟು ಈ ಕೀಲನ್ನು ಕೊಯ್ದುಹಾಕಿದ್ದರಿಂದ ಆದವು.

ಮಿಷನ್ನನ್ನು ಪೆಟ್ರೋಲ್ ತುಂಬಿದ ಜಾಗದಿಂದ ಮೂರು ಮೀಟರ್ ದೂರ ಒಯ್ದು, ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯೊಳಗೆ ಬೂಟಿನ ತುದಿ ಒತ್ತಿ, ಚೈನ್ ಬ್ರೇಕ್ ಹಾಕಿ ಸ್ಟಾರ್ಟ್ ಮಾಡಿ. ಮಿಷನ್ನನ್ನು ಗಾಳಿಯಲ್ಲಿ ಕೆಳಕ್ಕೆ ಬೀಸುತ್ತಾ ಹಗ್ಗ ಎಳೆಯುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕು. ಎಡಗೈ ಮುಂದಿನ ಹಿಡಿಕೆಯಲ್ಲಿರಲಿ, ಹೆಬ್ಬೆರಳು ಹಿಡಿಕೆಯನ್ನು ಸುತ್ತಿಕೊಂಡಿರಲಿ. ಬಾರಿನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ ಮಿಷನ್ ಕಣ್ಣುಮಿಟುಕಿಸುವುದರೊಳಗೆ ನಿಮ್ಮ ಮುಖದತ್ತ ಚಿಮ್ಮುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಕಾಫಿ ಗಿಡದ ರೆಂಬೆಯೊಂದು ಸಾಕು ಹೀಗಾಗಲು, ಆದ್ದರಿಂದ ಬುಡದ ಸುತ್ತಲಿನ ಗಿಡಗಳ ಅಡ್ಡರೆಂಬೆಗಳನ್ನು ಮೊದಲೇ ಕಟ್ಟಿ ಹಿಂದಕ್ಕೆಳೆಯಿರಿ.

ಮೊದಲನೆಯ ಕೊಯ್ತ ಕಚ್ಚಿನ ಮೇಲ್ಭಾಗ. ಬೀಳುವ ಬದಿಯಲ್ಲಿ, ಸಾಧ್ಯವಾದಷ್ಟು ಬುಡಕ್ಕೆ ಹತ್ತಿರ, ಮೇಲಿನಿಂದ ಓರೆಯಾಗಿ ಸುಮಾರು 60 ಡಿಗ್ರಿಯಲ್ಲಿ ಇಳಿಯಿರಿ. ಆಳ ಮರದ ಅಡ್ಡಳತೆಯ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗ, ಅಂದರೆ ನಮ್ಮ 38 ಸೆಂಟಿಮೀಟರ್ ಮರದಲ್ಲಿ 8ರಿಂದ 9 ಸೆಂಟಿಮೀಟರ್. ಎರಡನೆಯದು ಅದರ ಕೆಳಭಾಗ, ನೆಲಕ್ಕೆ ಸಮನಾಗಿ. ಎರಡೂ ಕೊಯ್ತಗಳು ಒಂದೇ ಗೆರೆಯಲ್ಲಿ ಸೇರಬೇಕು. ಒಂದು ಇನ್ನೊಂದನ್ನು ದಾಟಿ ಒಳಕ್ಕೆ ಹೋದರೆ ಕೀಲಿಗೆ ಅಲ್ಲೇ ಬಿರುಕು ಬಿದ್ದಂತೆ. ಬಿಡಿಸಿದ ತುಂಡನ್ನು ತೆಗೆದು, ಕಚ್ಚಿನ ಒಳಗೆರೆಗೆ ನೇರಕೋನದಲ್ಲಿ ನೋಡಿ: ನಿಮ್ಮ ದೃಷ್ಟಿ ಎಲ್ಲಿಗೆ ಹೋಗುತ್ತದೆಯೋ ಮರ ಅಲ್ಲಿಗೆ ಬೀಳುತ್ತದೆ. ಗುರಿ ತಪ್ಪಿದ್ದರೆ ಸರಿಪಡಿಸಲು ಇದೇ ಕೊನೆಯ ಅವಕಾಶ. ಕಚ್ಚನ್ನು ಕಿರಿದಾಗಿ ತೆಗೆದು ಮರ ಉಳಿಸುತ್ತೇವೆ ಎನ್ನುವ ವ್ಯಾಪಾರಿಗಳ ಮಾತು ಕೇಳಬೇಡಿ. ಕಿರಿದಾದ ಬಾಯಿ ಮರ ಅರ್ಧ ಬಾಗುವಷ್ಟರಲ್ಲೇ ಮುಚ್ಚಿಕೊಂಡು, ಕೀಲು ಮುರಿದು, ಮರ ತನಗೆ ಬೇಕಾದ ಕಡೆ ಹೊರಳುತ್ತದೆ.

ಮೂರನೆಯದು ಹಿಂದಿನ ಕೊಯ್ತ. ಎದುರು ಬದಿಯಲ್ಲಿ, ಕಚ್ಚಿನ ಒಳಗೆರೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ನೆಲಕ್ಕೆ ಸಮನಾಗಿ ಕೊಯ್ಯುತ್ತಾ ಬನ್ನಿ. ಬಾರ್ ಒಳಗೆ ಸಾಕಷ್ಟು ಇಳಿದು ಅದರ ಹಿಂದೆ ಜಾಗ ಸಿಕ್ಕ ಕೂಡಲೇ ಪ್ಲಾಸ್ಟಿಕ್ ಅಥವಾ ಗಟ್ಟಿಮರದ ಬೆಣೆ ಹೊಡೆಯಿರಿ. ಕಬ್ಬಿಣದ ಬೆಣೆ ಚೈನಿಗೆ ತಾಗಿದರೆ ಹಲ್ಲು ಹೋಗುತ್ತದೆ. ಬೆಣೆ ಹೊಡೆಯಲು ತಡಮಾಡಿದರೆ ಗಾಳಿಗೆ ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಳ್ಳುತ್ತದೆ, ಆಮೇಲೆ ಮಿಷನ್ ಬಿಡಿಸುವುದೇ ಒಂದು ದಿನದ ಕೆಲಸ. ಅಡ್ಡಳತೆಯ ಹತ್ತನೆಯ ಒಂದು ಭಾಗ, ಅಂದರೆ ಸುಮಾರು 4 ಸೆಂಟಿಮೀಟರ್ ದಪ್ಪದ ಕೀಲು ಉಳಿದಾಗ ಕೊಯ್ಯುವುದನ್ನು ನಿಲ್ಲಿಸಬೇಕು. ಆ ಪಟ್ಟಿ ಎಡತುದಿಯಿಂದ ಬಲತುದಿಯವರೆಗೆ ಒಂದೇ ದಪ್ಪವಿರಬೇಕು; ಒಂದು ಕಡೆ ತೆಳುವಾದರೆ ದಪ್ಪವಿರುವ ಬದಿಗೆ ಮರ ಎಳೆಯುತ್ತದೆ. ಉಳಿದ ಕೆಲಸ ಬೆಣೆಯದು. ಬೆಣೆಗೆ ಒಂದೊಂದೇ ಏಟು ಹಾಕುತ್ತಾ ತುದಿಯನ್ನು ನೋಡಿ. ತುದಿ ಚಲಿಸಿದ್ದು ಕಂಡೊಡನೆ ಮಿಷನ್ ಕೈಯಲ್ಲಿದ್ದರೆ ಚೈನ್ ಬ್ರೇಕ್ ಹಾಕಿ, ಬಿಡಿಸಿಟ್ಟ ದಾರಿಯಲ್ಲಿ ಹೊರಡಿ. ಮಿಷನ್ ಸಿಕ್ಕಿಕೊಂಡಿದ್ದರೆ ಅದನ್ನು ಬಿಟ್ಟೇ ಹೋಗಿ. ಮರ ನೆಲಕ್ಕೆ ಬಿದ್ದ ಮೇಲೂ ಅರ್ಧ ನಿಮಿಷ ಮೇಲೆ ನೋಡುತ್ತಾ ನಿಲ್ಲಿ, ಪಕ್ಕದ ಮರಗಳಲ್ಲಿ ಸಿಕ್ಕಿದ ಮುರುಕು ಕೊಂಬೆಗಳು ತಡವಾಗಿ ಬೀಳುತ್ತವೆ.

ಬೀಳಿಸಬೇಕಾದ ಕಡೆಗೇ ಜೋರಾಗಿ ವಾಲಿರುವ ಮರ ಸುಲಭ ಎಂದು ತೋರುತ್ತದೆ, ಆದರೆ ನನ್ನ ಮಟ್ಟಿಗೆ ಅದೇ ಹೆಚ್ಚು ಭಯದ್ದು. ಹಿಂದಿನ ಕೊಯ್ತ ಅರ್ಧಕ್ಕೆ ಬರುವಷ್ಟರಲ್ಲಿ ಭಾರ ತಾಳದೆ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಸೀಳು ಆಳೆತ್ತರಕ್ಕೆ ಎದ್ದು ಕೊಯ್ಯುವವನನ್ನು ಒದೆಯುತ್ತದೆ. ಇಂತಹ ಮರಕ್ಕೆ ನುರಿತವರು ಬಾರಿನ ತುದಿಯನ್ನು ಕೀಲಿನ ಹಿಂದೆ ಕಾಂಡದೊಳಗೆ ತೂರಿಸಿ, ಒಳಗಿನಿಂದ ಹಿಂದಕ್ಕೆ ಕೊಯ್ದು, ಕಟ್ಟಕಡೆಗೆ ಹಿಂಬದಿಯ ಪಟ್ಟಿಯನ್ನು ಬಿಡಿಸುತ್ತಾರೆ. ಇದನ್ನು ಓದಿ ಕಲಿಯಲಾಗದು, ಕಲಿತವರ ಜೊತೆ ನಿಂತೇ ಕಲಿಯಬೇಕು.

6. ಮರ ಇನ್ನೊಂದು ಮರಕ್ಕೆ ಸಿಕ್ಕಿಕೊಂಡರೆ

ದಟ್ಟ ತೋಟದಲ್ಲಿ ಇದು ಆಗಿಯೇ ಆಗುತ್ತದೆ. ಸಿಕ್ಕಿಕೊಂಡ ಮರದ ಕೆಳಗೆ ಹೋಗಬಾರದು, ಆಸರೆ ಕೊಟ್ಟ ಮರವನ್ನು ಕಡಿಯಬಾರದು, ಇನ್ನೊಂದು ಮರವನ್ನು ಅದರ ಮೇಲೆ ಬೀಳಿಸಿ ಕೆಡವಲು ನೋಡಬಾರದು, ಬುಡದಿಂದ ಎರಡೆರಡು ಅಡಿ ತುಂಡು ಕೊಯ್ಯುತ್ತಾ ಇಳಿಸಲೂಬಾರದು. ಬುಡಕ್ಕೆ ಉಕ್ಕಿನ ಹಗ್ಗ ಕಟ್ಟಿ, ಮರದ ಎತ್ತರಕ್ಕಿಂತ ಹೆಚ್ಚು ದೂರದಿಂದ ವಿಂಚ್ ಅಥವಾ ಟ್ರ್ಯಾಕ್ಟರಿನಿಂದ ಹಿಂದಕ್ಕೆಳೆಯುವುದು ಸರಿಯಾದ ಕ್ರಮ. ಅದಕ್ಕೆ ಅನುಕೂಲವಿಲ್ಲದಿದ್ದರೆ ಸುತ್ತ ಹಗ್ಗ ಕಟ್ಟಿ, ಕೆಂಪು ಬಟ್ಟೆ ನೇತುಹಾಕಿ, ತೋಟದ ಆಳುಗಳಿಗೆಲ್ಲ ತಿಳಿಸಿ ಬಿಟ್ಟುಬಿಡಿ. ನಮ್ಮ ತೋಟದಲ್ಲಿ ಒಮ್ಮೆ ಹೀಗೆ ಬಿಟ್ಟ ಮರ ಎಂಟನೆಯ ದಿನ ರಾತ್ರಿಯ ಗಾಳಿಗೆ ತಾನಾಗಿ ಇಳಿಯಿತು.

7. ರೆಂಬೆ ಸವರುವುದು ಮತ್ತು ದಿಮ್ಮಿ ಮಾಡುವುದು

ಬುಡದಿಂದ ತುದಿಯ ಕಡೆಗೆ ಹೋಗಿ. ಕಾಂಡ ನಿಮಗೂ ಮಿಷನ್ನಿಗೂ ನಡುವೆ ಇರಲಿ. ಇಳಿಜಾರಾದರೆ ಯಾವಾಗಲೂ ಮೇಲ್ಬದಿಯಲ್ಲಿ ನಿಲ್ಲಬೇಕು. ನೆಲಕ್ಕೆ ಊರಿ ಕಾಂಡವನ್ನು ಎತ್ತಿ ಹಿಡಿದ ರೆಂಬೆಗಳನ್ನು ಕೊನೆಗೆ ತೆಗೆಯಿರಿ. ಬಾಗಿ ಸಿಕ್ಕಿದ ಕಾಫಿ ಗಿಡವೂ ಬಿಲ್ಲಿನಂತೆಯೇ. ಕೊಯ್ದೊಡನೆ ಮುಖಕ್ಕೆ ಬಡಿಯುತ್ತದೆ.

ದಿಮ್ಮಿ ತುಂಡರಿಸುವಾಗ ಭಾರ ಎಲ್ಲಿ ಒತ್ತುತ್ತಿದೆ ಎಂದು ನೋಡಬೇಕು. ಎರಡೂ ತುದಿ ಊರಿ ನಡುವೆ ಅಡಿಯಲ್ಲಿ ಆಸರೆಯಿಲ್ಲದಿದ್ದರೆ ಮೇಲ್ಬದಿ ಒತ್ತಿಕೊಂಡಿರುತ್ತದೆ: ಮೇಲಿನಿಂದ ಮೂರನೆಯ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಿರಿ. ಒಂದು ತುದಿ ಗಾಳಿಯಲ್ಲಿ ಚಾಚಿದ್ದರೆ ಇದರ ತದ್ವಿರುದ್ಧ. ಚೈನ್ ನೆಲಕ್ಕೆ ತಾಗಿತೆಂದರೆ ಒಂದೇ ಕ್ಷಣದಲ್ಲಿ ಮೊಂಡಾಗುತ್ತದೆ, ಹಾಗಾಗಿ ಅಡಿಗೆ ರೆಂಬೆಯ ತುಂಡು ಕೊಡಿ. ಮುರಿದ ಕಾಫಿ ಗಿಡಗಳನ್ನು ಕಿತ್ತೆಸೆಯುವ ಅವಸರ ಬೇಡ. ನೆಲದಿಂದ ಒಂದು ಅಡಿ ಬಿಟ್ಟು ಓರೆಯಾಗಿ ಕತ್ತರಿಸಿ, ಮಳೆ ಬಿದ್ದ ಮೇಲೆ ಬರುವ ಚಿಗುರುಗಳಲ್ಲಿ ಗಟ್ಟಿಯಾದದ್ದನ್ನು ಉಳಿಸಿಕೊಂಡರೆ ಗಿಡ ಮತ್ತೆ ಎದ್ದುಕೊಳ್ಳುತ್ತದೆ.

8. ಎಳೆಯುವುದು ಮತ್ತು ಅಳೆಯುವುದು

ಟ್ರ್ಯಾಕ್ಟರಿನಿಂದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಹಿಂಬದಿಯ ಕೆಳಗಿರುವ ಡ್ರಾಬಾರಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ, ಸೀಟಿನ ಹಿಂದೆ ಎಲ್ಲೋ ಕಟ್ಟಿದರೆ, ದಿಮ್ಮಿ ಬೊಡ್ಡೆಗೆ ತಡೆದ ಕ್ಷಣ ಮುಂದಿನ ಚಕ್ರಗಳು ಎದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ನಿಧಾನ ಬಿಡಿ, ಬಿಗಿಯಾದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ವ್ಯಾಪಾರಿ ತೂಕದ ಲೆಕ್ಕದಲ್ಲಿ ಕೊಳ್ಳುವುದಾದರೆ ವೇಬ್ರಿಡ್ಜ್ ಚೀಟಿ ನೋಡಿ, ಮರ ದಿನ ಕಳೆದಂತೆ ಒಣಗಿ ಹಗುರಾಗುತ್ತದೆ ಎಂಬುದನ್ನು ಗಮನದಲ್ಲಿಡಿ. ಘನ ಅಡಿಯ ಲೆಕ್ಕವಾದರೆ ರೂಢಿಯಲ್ಲಿರುವುದು ಕಾಲು ಸುತ್ತಳತೆಯ ಸೂತ್ರ: ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ನಡುವಿನ ಸುತ್ತಳತೆ 3 ಅಡಿ, ಉದ್ದ 20 ಅಡಿ ಇರುವ ದಿಮ್ಮಿ ಈ ಲೆಕ್ಕದಲ್ಲಿ 11.25 ಘನ ಅಡಿ. ಅದೇ ದಿಮ್ಮಿಯನ್ನು ಉರುಳೆಯೆಂದು ನೇರ ಲೆಕ್ಕ ಹಾಕಿದರೆ 14.3 ಘನ ಅಡಿ ಬರುತ್ತದೆ. ಸೂತ್ರವೇ ತೊಗಟೆ, ಚಕ್ಕೆಗಳ ನಷ್ಟವನ್ನು ಆಗಲೇ ಕಳೆದಿರುವಾಗ, ಅದರ ಮೇಲೂ ತೊಗಟೆಗೆಂದು ಇನ್ನಷ್ಟು ಕಳೆಯಲು ಹೊರಡುವ ವ್ಯಾಪಾರಿಯ ಜೊತೆ ಚೌಕಾಸಿ ಮಾಡಲು ನಿಮಗೆ ಪೂರ್ಣ ಹಕ್ಕಿದೆ. ಅಳತೆ ಪಟ್ಟಿಯನ್ನು ನೀವೇ ಹಿಡಿಯಿರಿ, ತೆಳುವಾದ ತುದಿಯಲ್ಲಲ್ಲ, ನಡುಮಧ್ಯದಲ್ಲಿ.

9. ಬೊಡ್ಡೆ

ಮರ ಸಾಗಿಸಿದ ಮೇಲೆ ಬೊಡ್ಡೆಯನ್ನು ಹಾಗೆಯೇ ಬಿಡುವುದು ಕಾಫಿ ತೋಟದಲ್ಲಿ ಒಳ್ಳೆಯದಲ್ಲ. ಕೊಳೆಯುವ ಬೊಡ್ಡೆ ಬೇರುಗಳಲ್ಲಿ ಬೆಳೆಯುವ ಶಿಲೀಂಧ್ರಗಳು ಕಂದು ಬೇರುರೋಗ, ಕೆಂಪು ಬೇರುರೋಗಗಳನ್ನು ಪಕ್ಕದ ಕಾಫಿ ಗಿಡಗಳಿಗೆ ದಾಟಿಸುತ್ತವೆ. ಎರಡು ಮೂರು ವರ್ಷಗಳ ನಂತರ ಬೊಡ್ಡೆಯ ಸುತ್ತಲಿನ ಗಿಡಗಳು ಒಂದೊಂದಾಗಿ ಎಲೆ ಹಳದಿಯಾಗಿ ಒಣಗುವಾಗ, ಇದಕ್ಕೂ ಅಂದು ಕಡಿದ ಮರಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಹಿಟಾಚಿ (ಮಣ್ಣು ಅಗೆಯುವ ಯಂತ್ರ) ಹೋಗುವ ಜಾಗವಾದರೆ ಅದರಿಂದ ಬೊಡ್ಡೆಯನ್ನು ಬೇರುಸಹಿತ ಕೀಳಿಸಿ, ಗುಂಡಿಯನ್ನು ಕೆಲವು ವಾರ ಬಿಸಿಲಿಗೆ ಬಿಟ್ಟು, ಸುಣ್ಣ ಬೆರೆಸಿದ ಮಣ್ಣಿನಿಂದ ಮುಚ್ಚಿ. ಕಡಿದಾದ ಇಳಿಜಾರಿನಲ್ಲಿ ಕೀಳುವುದು ಬೇಡ, ಅಲ್ಲಿ ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟುಕೊಳ್ಳುವುದು ಆ ಬೇರುಗಳೇ. ಅಂತಹ ಕಡೆ ಬೊಡ್ಡೆಯ ಸುತ್ತಲಿನ ಗಿಡಗಳ ಮೇಲೆ ಕಣ್ಣಿಟ್ಟು, ರೋಗ ಕಂಡ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಆ ಜಾಗದ ಸುತ್ತ ರೋಗ ದಾಟದಂತೆ ತಡೆಯುವ ಚರಂಡಿ ತೆಗೆಸಬೇಕು. ಖಾಲಿಯಾದ ನೆರಳಿನ ಜಾಗಕ್ಕೆ ಹಾಲುವಾಣದ ಗೂಟ ಊರಲು ಮುಂಗಾರಿನ ಮೊದಲ ಮಳೆಗಳೇ ಸಾಕು.